ಅಕ್ಕನ ಕಿವಿಯೊಳಗಿನ ಮಗ್ಗ

ರಾಮದುರ್ಗದ ನಮ್ಮ ಮನೆಗೆ ಮೊದಲ ಸಲ ಬಂದ ಬೀಗರ ಗತಿ ನೋಡಬೇಕು. ಪಡಸಾಲೆಯಲ್ಲಿ ಕುಳಿತು ಗಂಟಲು ಹರಿಯುವಂತೆ ಕೂಗುತ್ತಾರೆ, ಅರ್ಧ ತಾಸಿಗೇ ಸೋಲುತ್ತಾರೆ, ಕೊನೆಗೆ ಚಹಾ ಕುಡಿದು ಬರೀ ಕೈಮುಗಿದು ಎದ್ದುಬಿಡುತ್ತಾರೆ. ಗೋಡೆಯಾಚೆಗೇ ನಮ್ಮ ನಾಲ್ಕು ಪಾವರ್‌ಲೂಮ್ ಮಗ್ಗ. ಎಡಕ್ಕೂ ಬಲಕ್ಕೂ ಕಾಕಾ, ದೊಡ್ಡಪ್ಪಂದಿರ ಮನೆಗಳು, ಅಲ್ಲಿಯೂ ಮಗ್ಗ. ಬೆಳಗಾಗಿ ಲಾಳಿಗಳು ಖಟಖಟ ಓಡಾಡಲು ಹಿಡಿದವೆಂದರೆ ಕರೆಂಟು ಹೋದಾಗ ಮಾತ್ರ ಗುಬ್ಬಿಯ ದನಿ ಕೇಳಬೇಕು. ಇಂಥ ಮನೆಯಲ್ಲಿ ಹುಟ್ಟಿದವರು ಕೂಗುವುದಿಲ್ಲ. ತುಟಿ ನೋಡಿ ಮಾತು ಹಿಡಿಯುತ್ತೇವೆ, ಕೈ ನೋಡಿ ಸುದ್ದಿ ತಿಳಿಯುತ್ತೇವೆ. ಮೀಸೆ ತಿರುವಿದಂತೆ ಮಾಡಿದರೆ ಯಾರೋ ಗಂಡಸರು ಬಂದಿದ್ದಾರೆ, ಹಣೆಗೆ ಬೆರಳಿಟ್ಟರೆ ಹೆಂಗಸರು, ಅಂಗೈ ಮೇಲೆ ಅಂಗೈ ಬಡಿದರೆ ರೊಟ್ಟಿ ಆಗಿದೆ, ಬಾ. ಎಂಥ ಜಗಳವನ್ನೂ ನಾವು ಸಪ್ಪಳವಿಲ್ಲದೆ ಆಡಿ ಮುಗಿಸಬಲ್ಲೆವು.

ಈ ವಿದ್ಯೆ ನನಗೆ ಕಲಿಸಿದವಳು ಅಕ್ಕ. ನನಗಿಂತ ಬಹಳ ದೊಡ್ಡವಳು. ಅವ್ವ, ಅಪ್ಪ ಇಬ್ಬರೂ ಮಗ್ಗಕ್ಕೆ ನಿಂತರೆ ನನ್ನನ್ನು ಸೊಂಟದ ಮೇಲೆ ಹೊತ್ತವಳು ಅವಳೇ. ನಾನು ಸ್ವಲ್ಪ ದೊಡ್ಡವನಾದ ಮೇಲೆ ಅವಳು ಮೂಲೆಯಲ್ಲಿ ಕುಳಿತು, ಲಾಳಿಯೊಳಗೆ ಕೂಡುವ ಕಂಡಿಕೆಗಳಿಗೆ ನೂಲು ಸುತ್ತುತ್ತ, ದೂರದಿಂದಲೇ ಕಥೆ ಹೇಳುತ್ತಿದ್ದಳು. ರಾಜ, ರಾಣಿ, ರಾಕ್ಷಸ ಎಲ್ಲರೂ ಅವಳ ತುಟಿಯ ಮೇಲೆಯೇ ಬಂದು ಹೋಗುತ್ತಿದ್ದರು. ರಾತ್ರಿ ಮಗ್ಗ ನಿಲ್ಲುವಷ್ಟರಲ್ಲಿ ನನಗೆ ನಿದ್ದೆ ಹತ್ತಿರುತ್ತಿತ್ತು, ದನಿ ಕೇಳುತ್ತಿದ್ದದ್ದು ಅಮಾವಾಸ್ಯೆಗೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ನಡೆಸುವುದಿಲ್ಲ. ಒರೆಸಿ, ಪೂಜೆ ಮಾಡಿ, ಬಿಡುವು ಕೊಡುತ್ತಾರೆ. ಓಣಿಗೆ ಓಣಿಯೇ ಬಾಯಿ ಮುಚ್ಚಿಕೊಂಡ ಆ ದಿನ ನಾನು ಅಕ್ಕನ ಸೆರಗು ಬಿಡುತ್ತಿರಲಿಲ್ಲ. ಸ್ವಲ್ಪ ಒಡಕು ದನಿ, ಮಾತಿನ ಕೊನೆಗೆ ರಾಗ ಎಳೆಯುವ ದನಿ. ಅಪರೂಪದ್ದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಸಿಗುತ್ತದೆ ಎನ್ನುತ್ತಾರಲ್ಲ, ನನ್ನ ಪಾಲಿಗೆ ಆ ಹುಣ್ಣಿಮೆಯೂ ಇರಲಿಲ್ಲ.

ಆ ದಿನ ಇನ್ನೊಂದು ಸಪ್ಪಳವೂ ಕೇಳುತ್ತಿತ್ತು. ಮಗ್ಗ ನಿಂತಿದ್ದರೂ ಕಿವಿಯೊಳಗೆ ಗುಂಯ್ ಎನ್ನುವುದು. ನಮ್ಮ ಮನೆಯಲ್ಲಿ ಅದಕ್ಕೆ ಮಗ್ಗದ ಗುಂಗು ಎನ್ನುತ್ತಿದ್ದರು. ಅಪ್ಪನಿಗೆ ಇತ್ತು, ಅಜ್ಜನಿಗೂ ಇತ್ತಂತೆ. ವಯಸ್ಸಾದರೆ ಕೂದಲು ಬೆಳ್ಳಗಾಗುತ್ತದೆ, ಮಗ್ಗದ ಮನೆಯಲ್ಲಿದ್ದರೆ ಗುಂಗು ಬರುತ್ತದೆ. ಅದಕ್ಕೆ ಯಾರಾದರೂ ಔಷಧ ಕೇಳುತ್ತಾರೆಯೇ? ದಿನವಿಡೀ ಬಡಿದ ಸಪ್ಪಳ ಒಂದಿಷ್ಟು ಕಿವಿಯಲ್ಲಿ ಉಳಿದುಕೊಂಡಿದೆ, ಹಿಟ್ಟಿನ ಗಿರಣಿಯವನ ಹುಬ್ಬಿನಲ್ಲಿ ಹಿಟ್ಟು ಉಳಿದ ಹಾಗೆ, ಎಂದು ತಿಳಿದಿದ್ದೆವು. ನಾವು ಮಾಡಿದ ತಪ್ಪೆಂದರೆ ಅದೇ. ಬೇರೆ ಯಾರಿಗಾದರೂ ಕಿವಿ ಗುಂಯ್ ಎಂದರೆ ಗಾಬರಿಯಾಗಿ ಡಾಕ್ಟರ ಬಳಿಗೆ ಓಡುತ್ತಾರೆ. ನಮಗೆ ಅದು ಮನೆಯವರಲ್ಲೊಬ್ಬರಿದ್ದಂತೆ.

ಅಕ್ಕನನ್ನು ಬೈಲಹೊಂಗಲಕ್ಕೆ ಕೊಟ್ಟರು. ಅವಳ ಗಂಡ, ನಾನು ಮಾಮಾ ಎಂದು ಕರೆಯುವವನು, ಪೇಟೆಯಲ್ಲಿ ಸೀರೆ ಅಂಗಡಿ ಇಟ್ಟವನು. ಒಳ್ಳೆಯ ಮನುಷ್ಯ, ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಆದರೆ ಅವರು ಸೀರೆ ಮಾರುವವರು, ನೇಯುವವರಲ್ಲ. ಮದುವೆಯಾಗಿ ಮೊದಲ ಸಲ ತವರಿಗೆ ಬಂದ ಅಕ್ಕ ಮಗ್ಗದ ಮನೆಯಲ್ಲಿ ಚಾಪೆ ಹಾಸಿಕೊಂಡು, ಊಟಕ್ಕೂ ಏಳದೆ, ಇಡೀ ಹಗಲು ಮಲಗಿದಳು. ತಲೆಯ ಹತ್ತಿರವೇ ಮಗ್ಗ ಬಡಿಯುತ್ತಿತ್ತು, ಅವಳಿಗೆ ಗಾಢ ನಿದ್ದೆ. ಎದ್ದ ಮೇಲೆ ಅವ್ವನಿಗೆ, ಆ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ, ಮನೆ ಸುಮ್ಮನೆ ಬಿದ್ದುಕೊಂಡಿರುತ್ತದೆ ಎಂದಳು. ಅವ್ವ ಎಲ್ಲ ತಾಯಂದಿರಂತೆ, ಒಂದು ಕೂಸಾದರೆ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದಳು. ಕೂಸು ಆಯಿತು, ಬೆಳೆಯಿತು, ಓದಿ ಕಿತ್ತೂರಿನಲ್ಲಿ ಶಾಲೆಯ ಮೇಡಂ ಆಯಿತು. ಅಕ್ಕನಿಗೆ ಮಾತ್ರ ತವರಿನ ಸಪ್ಪಳದ ಹಂಬಲ ಹೋಗಲಿಲ್ಲ. ಅಷ್ಟರಲ್ಲಿ ಅವ್ವ ಹೋದಳು, ಅಪ್ಪ ಹೋದ. ತವರು ಎಂದು ಅವಳಿಗೆ ಉಳಿದದ್ದು ನಾನು, ನನ್ನ ಹೆಂಡತಿ ಮತ್ತು ನಾಲ್ಕು ಮಗ್ಗ.

ಬ್ಲೂಟೂತ್ ತಂದುಕೊಟ್ಟವಳು ಕಿತ್ತೂರಿನ ಆ ಮಗಳೇ. ಪೆಟ್ಟಿಗೆಯ ಮೇಲೆ ಇಯರ್‌ಬಡ್ಸ್ ಎಂದು ಬರೆದಿತ್ತು, ಆದರೆ ನಮ್ಮ ಕಡೆ ಎಲ್ಲರೂ ಅದಕ್ಕೆ ಬ್ಲೂಟೂತ್ ಎಂದೇ ಅನ್ನುವುದು. ತಾಯಿಗೊಂದು ಜೋಡಿ, ನನಗೊಂದು ಜೋಡಿ. ವೈರಿನದು ಮಗ್ಗದ ಹತ್ತಿರ ಸಲ್ಲದು. ತಿರುಗುವ ಪಟ್ಟಾಕ್ಕೆ ವೈರು ಸಿಕ್ಕರೆ ಕಿವಿಯ ಜೊತೆಗೆ ತಲೆಯೂ ಹೋದೀತು. ವೈರಿಲ್ಲದ್ದು ಬಂದ ಮೇಲೆ ಓಣಿಯ ಅರ್ಧ ಜನರ ಕಿವಿಯಲ್ಲಿ ಅವರೆಕಾಳು ಮೊಳೆತವು. ಮಾತಾಡುತ್ತ ಮಾತಾಡುತ್ತ ಇಬ್ಬರೂ ನಿಮ್ಮ ನಿಮ್ಮ ಕೆಲಸ ಮಾಡಿಕೊಳ್ಳಿರಿ ಎಂದು ಮಗಳು ಹೇಳಿಹೋದಳು.

ಮರುದಿನ ಮಗ್ಗ ಚಾಲು ಮಾಡಿ ಅಕ್ಕನಿಗೆ ಫೋನ್ ಹಚ್ಚಿದೆ. ಎಡಗಿವಿಯೊಳಗೆ ಅವಳ ದನಿ ಬಂತು. ಮಗ್ಗ ನಡೆದಿರುವಾಗ ಅಕ್ಕನ ದನಿ! ಹುಟ್ಟಿದಾರಭ್ಯ ಕೇಳದಿದ್ದದ್ದು. ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅವಳು ಮಾತ್ರ ಗಾಬರಿಯಾಗಿದ್ದಳು.

“ತಮ್ಮಾ, ಮಗ್ಗ ಯಾಕ ನಿಂದರ್ಸೀರಿ? ಕರೆಂಟ್ ಹೋಗೈತೇನ?”

ನಾಲ್ಕೂ ನಡೆದಿವೆ ಎಂದೆ. ನಂಬಲಿಲ್ಲ. ನೀನು ಎಲ್ಲೋ ಹೊರಗೆ ನಿಂತಿದ್ದೀ ಎಂದಳು. ಮಗಳು ಕೊಟ್ಟದ್ದು ದುಬಾರಿ ಮಾಲು, ನನ್ನ ಸುತ್ತಲಿನ ಗದ್ದಲವನ್ನೆಲ್ಲ ಸೋಸಿ ಬರೀ ಮಾತನ್ನಷ್ಟೇ ಆಚೆಗೆ ಕಳಿಸುವಂಥದ್ದು. ಅಕ್ಕನಿಗೆ ಬೇಕಾದದ್ದನ್ನು ಅದು ಕಸವೆಂದು ಗುಡಿಸಿ ಹಾಕುತ್ತಿತ್ತು. ಎರಡು ದಿನ ನೋಡಿ ಅವಳು, ಇದರೊಳಗೆ ತವರು ಬರುವುದಿಲ್ಲ, ನೀನೊಬ್ಬನೇ ಬರುತ್ತೀ ಎಂದು ಮುಖ ಸಪ್ಪಗೆ ಮಾಡಿದಳು. ಮುಖ ನನಗೆ ಕಾಣಲಿಲ್ಲ, ಆದರೆ ಅಕ್ಕ ಮುಖ ಸಪ್ಪಗೆ ಮಾಡಿದ್ದು ತಮ್ಮನಿಗೆ ಗೊತ್ತಾಗುತ್ತದೆ.

ಅದೇ ವಾರ ನೂಲಿನ ಕೆಲಸಕ್ಕೆ ಸವದತ್ತಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿಯ ಮೇಲೆ ಚಾರ್ಜರು, ಕವರು, ಬ್ಲೂಟೂತ್ ಹರವಿಕೊಂಡು ಒಬ್ಬ ನಿಂತಿದ್ದ. ಒಳ್ಳೊಳ್ಳೆಯವು ತೋರಿಸಿ, ಹಿಂದಿನ ಗದ್ದಲ ಒಂದಿಷ್ಟೂ ಆಚೆಯವರಿಗೆ ಕೇಳದು ಎಂದು ಹೊಗಳಿದ. ನನಗೆ ಗದ್ದಲ ಕೇಳುವಂಥದ್ದೇ ಬೇಕು ಎಂದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಬಜಾರದಲ್ಲಿದ್ದೇನೆ ಎಂದು ಹೆಂಡತಿಯನ್ನು ನಂಬಿಸಬೇಕಾದ ಗಿರಾಕಿ ಎಂದುಕೊಂಡನೋ ಏನೋ, ನಕ್ಕು, ಗಾಡಿಯ ಮೂಲೆಯಿಂದ ಎಲ್ಲಕ್ಕಿಂತ ಕೆಟ್ಟದ್ದನ್ನು ಹುಡುಕಿ ಕೊಟ್ಟ. ಅದು ಕೆಟ್ಟದ್ದಾಗಿದ್ದದ್ದೇ ನಮ್ಮ ಪುಣ್ಯ ಎಂದು ಆಗ ತಿಳಿದಿದ್ದೆ.

ಆ ಕಳಪೆ ಬ್ಲೂಟೂತಿನಲ್ಲಿ ನಮ್ಮ ನಾಲ್ಕೂ ಮಗ್ಗ, ಪಕ್ಕದ ಮನೆಯವೂ ಸೇರಿ, ಬೈಲಹೊಂಗಲದ ಅಡುಗೆಮನೆಗೆ ಹೋಗಿ ಇಳಿದವು. ಅಕ್ಕ ಅವನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ, ಮೂರನೇ ಮಗ್ಗಕ್ಕೆ ಎಣ್ಣೆ ಬಿಡು, ಅಳುತ್ತಿದೆ ಎಂದಳು. ಅಂದಿನಿಂದ ನಮ್ಮ ದಿನಗಳು ಬದಲಾದವು. ಬೆಳಗ್ಗೆ ಮಗ್ಗ ಹಚ್ಚಿದೊಡನೆ ಫೋನ್ ಹಚ್ಚುವುದು, ಊಟಕ್ಕೆ ನಿಲ್ಲಿಸುವುದು, ಮತ್ತೆ ಹಚ್ಚುವುದು. ಮಾತಾಡಲೇಬೇಕು ಎಂದೇನಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತಿದ್ದಳು, ನಾನು ಹರಿದ ಎಳೆ ಕೂಡಿಸುತ್ತಿದ್ದೆ. ನಡುವೆ ಒಮ್ಮೆ, ಮಾಮಾ ಅಂಗಡಿಗೆ ಹೋಗುವಾಗ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನೆರೆಯವನ ಚಪ್ಪಲಿ ಮೆಟ್ಟಿಕೊಂಡು ಹೋದನೆಂದು ಹೇಳಿ ನಗುತ್ತಿದ್ದಳು. ಒಮ್ಮೊಮ್ಮೆ ಬರೀ ಅವಳ ಬಳೆಯ ಸದ್ದು. ನನ್ನ ಹೆಂಡತಿ, ಆ ಬ್ಲೂಟೂತ್ ಕಿವಿಯಲ್ಲೇ ಬೇರುಬಿಟ್ಟೀತು ಎಂದು ಚಾಷ್ಟಿ ಮಾಡುತ್ತಿದ್ದಳು. ಬೇರು ಬಿಡಲಿ, ನನಗೆ ದಿನಾಲೂ ಅಮಾವಾಸ್ಯೆ ಎಂದು ನಾನೂ ನಗುತ್ತಿದ್ದೆ.

ಮಗ್ಗದ ಬಡಿತದ ನಡುವೆ ಅವಳ ಮಾತು ಹಿಡಿಯಲು ನಾನು ಬ್ಲೂಟೂತಿನ ದನಿ ಏರಿಸುತ್ತ ಹೋದೆ. ಮಗ್ಗದ ನಡುವಿನಿಂದ ನನ್ನ ಮಾತು ಹೆಕ್ಕಲು ಅವಳೂ ಏರಿಸುತ್ತ ಹೋದಳು. ದನಿ ಪೂರಾ ಏರಿಸಿದಾಗಲೆಲ್ಲ ಫೋನು ಇದು ಕಿವಿಗೆ ಒಳ್ಳೆಯದಲ್ಲ ಎಂದು ತೋರಿಸುತ್ತಿತ್ತು. ಮಗ್ಗದ ಮನೆಯವನಿಗೆ ಫೋನು ಬುದ್ಧಿ ಹೇಳುವುದೇ ಎಂದು ನಾನು ಒತ್ತಿ ಸರಿಸುತ್ತಿದ್ದೆ.

ಒಂದು ಅಮಾವಾಸ್ಯೆ, ಮಗ್ಗ ಒರೆಸುವಾಗ, ಗುಂಗಿನ ದನಿ ಬದಲಾದದ್ದು ಗೊತ್ತಾಯಿತು. ಮೊದಲು ಗುಂಯ್ ಎನ್ನುತ್ತಿದ್ದದ್ದು ಈಗ ಸಣ್ಣಗೆ, ಚೂಪಾಗಿ, ಕುಕ್ಕರಿನ ಸೀಟಿ ಬರುವುದಕ್ಕೆ ಮುಂಚಿನ ಸುಯ್ಲಿನಂತೆ ಕೇಳಿತು. ಸೀಟಿ ಮಾತ್ರ ಬರುತ್ತಿರಲಿಲ್ಲ, ಒಲೆಯೂ ಆರುತ್ತಿರಲಿಲ್ಲ. ಅದಾಗಿ ಕೆಲವು ದಿನಕ್ಕೆ ಎಡಗಿವಿಯಲ್ಲಿ ಅಕ್ಕನ ದನಿ ತಣ್ಣಗಾಯಿತು. ಬ್ಲೂಟೂತ್ ಕೆಟ್ಟಿತೆಂದು ಸವದತ್ತಿಯವನಿಗೆ ಮನಸಾರೆ ಬೈದೆ. ತೆಗೆದು ಬಲಗಿವಿಗೆ ಹಾಕಿದರೆ ಅಕ್ಕ ಅದರಲ್ಲೇ ಇದ್ದಳು, ಎಲ್ಲಿ ಹೋದಿಯೋ ಎಂದು ಕೇಳುತ್ತಿದ್ದಳು. ಕೆಟ್ಟದ್ದು ಬ್ಲೂಟೂತ್ ಅಲ್ಲ.

ಹೆಂಡತಿ ಬಿಡದೆ ಊರಿನ ಕಿವಿ ಡಾಕ್ಟರ ಬಳಿ ಕರೆದೊಯ್ದಳು. ಎಡಗಿವಿ ಬಹಳಷ್ಟು ಹೋಗಿದೆ, ಬಲಗಿವಿಯನ್ನಾದರೂ ಕಾಯ್ದುಕೊಳ್ಳಿರಿ ಎಂದರು ಡಾಕ್ಟರು. ಗುಂಯ್ ಎನ್ನುವುದು ಪೂರ್ತಿ ಹೋಗುತ್ತದೆ ಎಂಬ ಭರವಸೆ ಕೊಡಲಿಲ್ಲ. ಮಗ್ಗಕ್ಕೆ ನಿಲ್ಲುವಾಗ ಕಿವಿ ಮುಚ್ಚಿಕೊಳ್ಳಬೇಕು, ಬ್ಲೂಟೂತ್ ಇನ್ನು ಮೇಲೆ ಮುಟ್ಟಬಾರದು. ಬೀಡಿ ಬಿಟ್ಟಿದ್ದೆ, ತಂಬಾಕು ಬಿಟ್ಟಿದ್ದೆ. ಇದು ಬಿಡುವುದು ಅಷ್ಟು ಸುಲಭವಲ್ಲ ಎಂದು ಆ ಡಾಕ್ಟರಿಗೆ ಹೇಗೆ ಹೇಳುವುದು?

ಬಿಟ್ಟೆ. ಅಕ್ಕನಿಗೆ ಫೋನಿನಲ್ಲಿ, ಡಾಕ್ಟರು ಬೇಡ ಎಂದಿದ್ದಾರೆ, ಇನ್ನು ಸಂಜೆ ಮಗ್ಗ ನಿಂತ ಮೇಲೆ ಮಾತಾಡೋಣ ಎಂದೆ. ಹ್ಞೂಂ ಎಂದಳು. ಅಷ್ಟೇ. ಕಿವಿಗೆ ಹತ್ತಿ ತುರುಕಿಕೊಂಡು ಮಗ್ಗದ ಮುಂದೆ ನಿಂತರೆ ಒಳಗೆ ಆ ಸುಯ್ಲು ಒಂದೇ. ರೊಟ್ಟಿ ಬಡಿಯುವ ಸದ್ದಿಲ್ಲ, ಬಳೆಯಿಲ್ಲ, ಮಾಮಾನ ಚಪ್ಪಲಿಯ ಸುದ್ದಿಯಿಲ್ಲ. ಎಳೆ ಹರಿದರೆ ಅಭ್ಯಾಸಬಲದಿಂದ “ಅಕ್ಕಾ, ಒಂದ ನಿಮಿಷ” ಎಂದು ಬಾಯಲ್ಲಿ ಬಂದುಬಿಡುತ್ತಿತ್ತು. ಹೆಂಡತಿ ನೋಡಿಯೂ ನೋಡದಂತೆ ಮುಖ ತಿರುವುತ್ತಿದ್ದಳು. ನಲವತ್ತು ದಾಟಿದ ಗಂಡಸು ಅಕ್ಕನ ದನಿಗಾಗಿ ಹೀಗೆ ಹಂಬಲಿಸುವುದು ನಗೆಗೇಡು ಎಂದು ನನಗೂ ಅನಿಸುತ್ತಿತ್ತು. ಅನಿಸಿದರೇನು, ಹಂಬಲ ಕೇಳಬೇಕಲ್ಲ.

ಸಂಜೆಯ ಫೋನಿನಲ್ಲಿ ಅಕ್ಕ ಮೊದಲಿನಂತಿರಲಿಲ್ಲ. ಔಷಧ ತಗೊಂಡೆ ಎಂದರೆ, ಊಟ ಆಯಿತೇ ಎನ್ನುವಳು. ಆಯಿತು ಎಂದರೆ, ಹ್ಞೂಂ, ಇಲ್ಲಿಯೂ ಸೆಕೆ ಎನ್ನುವಳು. ನಾನು ಹೇಳಿದ್ದಕ್ಕೂ ಅವಳು ಅಂದದ್ದಕ್ಕೂ ತಾಳೆಯಿಲ್ಲ. ಬ್ಲೂಟೂತ್ ಬಿಟ್ಟೆನೆಂದು ಸೆಟೆದುಕೊಂಡಿದ್ದಾಳೆ, ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದು ನನಗೆ ಸಿಟ್ಟು ಬಂತು. ನನ್ನ ಕಿವಿ ಹೋಗಿದ್ದರೂ ಇವಳಿಗೆ ತನ್ನ ಮಗ್ಗದ ಸಪ್ಪಳವೇ ಹೆಚ್ಚಾಯಿತೇ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಅಕ್ಕಿ ಆರಿಸುತ್ತ ಕುಳಿತಿದ್ದಳು, ತಲೆ ಎತ್ತಲಿಲ್ಲ.

“ಅಕ್ಕಾರು ಸಿಟ್ಟಾಗಿಲ್ರಿ. ಅವರಿಗಿ ಕೇಳ್ಸಾಕ ಹತ್ತಿಲ್ಲ ಅನಸ್ತೈತಿ.”

ನಿನ್ನ ಕಿವಿ ನೆಟ್ಟಗಿವೆ ಎಂದು ಎಲ್ಲರ ಕಿವಿಗೂ ಕುಂದು ಹಚ್ಚಬೇಡ ಎಂದು ಅವಳ ಮೇಲೆಯೇ ಹಾರಿಬಿದ್ದೆ. ಆದರೆ ಮಾತು ಒಳಗೆ ಹೊಕ್ಕಿತ್ತು. ಮುಂದಿನ ಅಮಾವಾಸ್ಯೆ ಬರುವವರೆಗೆ ಹೇಗೋ ತಡೆದು, ಆ ದಿನ ಬೆಳಗ್ಗೆ ಮಗ್ಗದ ಪೂಜೆಯನ್ನು ಹೆಂಡತಿಗೆ ಬಿಟ್ಟು ಬಸ್ಸು ಹತ್ತಿದೆ. ಸವದತ್ತಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬೈಲಹೊಂಗಲ ಮುಟ್ಟುವವರೆಗೂ, ಅಕ್ಕ ಸಿಟ್ಟಿನಲ್ಲೇ ಇರಲಿ ದೇವರೇ ಎಂದು ಬೇಡಿಕೊಂಡೆ.

ಬಾಗಿಲು ತೆರೆದೇ ಇತ್ತು. ಮಾಮಾ ಅಂಗಡಿಗೆ ಹೋಗಿದ್ದ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಅಡುಗೆಮನೆಯ ಹೊಸ್ತಿಲ ಬಳಿ ನಿಂತೆ. ಅಕ್ಕ ನನಗೆ ಬೆನ್ನು ಮಾಡಿ ಒಲೆಯ ಮುಂದೆ ಕುಳಿತಿದ್ದಳು. ಅಕ್ಕಾ ಎಂದೆ. ತಿರುಗಲಿಲ್ಲ. ಬಡಿಯುತ್ತಿದ್ದಾಳಲ್ಲ, ಅದಕ್ಕೆ ಎಂದುಕೊಂಡೆ. ರೊಟ್ಟಿಯನ್ನು ಹಂಚಿಗೆ ಹಾಕಿ ಕೈ ನಿಲ್ಲಿಸಿದಳು. ಮನೆಯಲ್ಲಿ ಬೇರೆ ಸಪ್ಪಳವೇ ಇರಲಿಲ್ಲ. ಮತ್ತೆ ಕರೆದೆ, ಜೋರಾಗಿ. ಅವಳು ರೊಟ್ಟಿಯ ಮೇಲೆ ನೀರು ಸವರಿ, ಸೆರಗಿನಿಂದ ಕತ್ತು ಒರೆಸಿಕೊಂಡಳು. ನನ್ನ ನೆರಳು ಗೋಡೆಯ ಮೇಲೆ ಬಿದ್ದ ಮೇಲೆಯೇ ಅವಳು ತಿರುಗಿದ್ದು.

ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು, ನಾನು ಎಷ್ಟು ಹೊತ್ತಿನಿಂದ ನಿಂತಿದ್ದೇನೆ ಎಂಬುದೂ. ಮಣೆ ಕೊಟ್ಟಳು, ಬಿಸಿ ರೊಟ್ಟಿ ಹಾಕಿದಳು. ನಾನು ಉಂಡ ಮೇಲೆ ತಾನಾಗಿಯೇ ಹೇಳಿದಳು. ಮಾತು ಕೇಳುವುದು ಕಡಿಮೆಯಾಗಿ ಬಹಳ ದಿನವಾಗಿದೆ. ಮಾಮಾನ ಎದುರು ತುಟಿ ನೋಡಿ ಸಂಸಾರ ನಡೆಸಿದ್ದಾಳೆ, ಅವನಿಗೆ ಇನ್ನೂ ಗೊತ್ತಿಲ್ಲ. ಮೊದಮೊದಲು ಬ್ಲೂಟೂತಿನಲ್ಲಿ ನನ್ನ ಮಾತು ಒಂದಿಷ್ಟು ಬರುತ್ತಿತ್ತು, ಆಮೇಲೆ ಬರೀ ಮಗ್ಗ. ಅದೇ ಸಾಕು ಎಂದು ಸುಮ್ಮನಿದ್ದಳು. ಒಂದು ದಿನ ಬ್ಲೂಟೂತ್ ತೆಗೆದು ನೋಡಿದರೆ ಅದರ ಚಾರ್ಜು ಯಾವಾಗಲೋ ಮುಗಿದಿತ್ತು, ಮಗ್ಗ ಮಾತ್ರ ನಡೆದೇ ಇತ್ತು. ಅದನ್ನು ಹೇಳುವಾಗ ಅವಳ ಮುಖದಲ್ಲಿ ಎಂಥ ಹಿಗ್ಗು! ಹೊರಗಿನ ಸಪ್ಪಳವೇ ಬೇಡವಾಯಿತು, ತವರು ತಾನೇ ಬಂದು ಕಿವಿಯಲ್ಲಿ ಕುಳಿತಿತು ಎಂದಳು. ಹಗಲೂ ಇರುತ್ತದೆ, ಮಲಗಿದಾಗಲೂ ಇರುತ್ತದೆ. ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ಕಣ್ತುಂಬ ನಿದ್ದೆ ಮಾಡುತ್ತಿದ್ದಾಳೆ. ಆ ದಿನ ಫೋನಿನಲ್ಲಿ ಕೇಳಿಸದೆಯೇ ಹ್ಞೂಂ ಎಂದಿದ್ದಳು, ನಾನು ಬ್ಲೂಟೂತ್ ಬಿಟ್ಟದ್ದು ಅವಳಿಗೆ ಗೊತ್ತೇ ಆಗಿರಲಿಲ್ಲವಂತೆ.

ಈ ಕೊನೆಯ ಮಾತು ನನಗೆ ನಾಟಿತು. ಅಷ್ಟು ದಿನ ನಾನು ಅವಳ ದನಿಗಾಗಿ ಬಾಯಿಬಾಯಿ ಬಿಟ್ಟಿದ್ದೆ, ಅವಳಿಗೆ ನಾನು ಇಲ್ಲದ್ದೇ ಗೊತ್ತಾಗಿಲ್ಲ. ಸಿಟ್ಟು ಬಂತು, ಅಳುವೂ ಬಂತು. ಅದು ಮಗ್ಗವಲ್ಲ, ರೋಗ, ನನಗೂ ಹಾಗೇ ಆಗಿದೆ, ಇವತ್ತೇ ಡಾಕ್ಟರಿಗೆ ತೋರಿಸೋಣ ನಡೆ ಎಂದೆ. ಹೀಗೇ ಬಿಟ್ಟರೆ ಉಳಿದಷ್ಟೂ ಹೋಗುತ್ತದೆ ಎಂದೂ ಹೇಳಿದೆ. ನನ್ನ ತುಟಿಯನ್ನೇ ನೋಡುತ್ತ ಕೇಳಿದಳು. ತಲೆ ಅಡ್ಡಡ್ಡ ಆಡಿಸಿದಳು.

“ಔಷಧ ಹಾಕಿ ಈ ಸಪ್ಪಳ ನಿಂದರ್ಸಿದ್ರ ನನ್ನ ತವರಮನಿ ಎಲ್ಲಿ ಉಳೀತೋ ತಮ್ಮಾ? ಅವ್ವ ಇಲ್ಲ, ಅಪ್ಪ ಇಲ್ಲ. ಇದೊಂದರ ಇರ್ಲಿ ಬಿಡು.”

ಅವಳ ಎದುರಿಗೆ ಸರಿದು ಕುಳಿತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡಿದೆ.

“ಅಕ್ಕಾ, ನಿನ್ನ ತವರಮನಿ ನಾ ಅದೇನಿ. ಹಿಂದ ನಿಂತು ಎರಡ ಸರತೆ ಕರದ್ನಿ, ನೀ ತಿರುಗಲಿಲ್ಲ. ನಾ ಕರದದ್ದು ನಿನಗ ಕೇಳ್ಸಬೇಕು. ನನಗ ಅಷ್ಟ ಬೇಕಾಗೈತಿ.”

ಅವಳು ಹಂಚನ್ನು ಒಲೆಯಿಂದ ಇಳಿಸಿದಳು. ಆಮೇಲೆ ಎದ್ದು, ಕೈ ತೊಳೆದು, ಗುಡಿಗೆ ಹೋಗುವಾಗ ಉಡುವ ಸೀರೆ ಉಟ್ಟು ಬಂದಳು. ಒಂದು ಮಗ್ಗವನ್ನಾದರೂ ನಡೆಯಲು ಬಿಡು ಎಂದು ಡಾಕ್ಟರಿಗೆ ಹೇಳು ಎಂದಳು. ನಗುತ್ತಾಳೆಂದು ನೋಡಿದೆ. ನಗಲಿಲ್ಲ.

ಬೈಲಹೊಂಗಲದ ಪೇಟೆಯಲ್ಲೇ ಕಿವಿಯ ದವಾಖಾನೆ ಇತ್ತು. ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಮೊದಲು ಪರೀಕ್ಷೆ ಆಗಲಿ ಎಂದು ಒಳಗೆ ಕಳಿಸಿದರು. ಒಳಗೆ ಗಾಜಿನ ಕಿಟಕಿಯ ಒಂದು ಸಣ್ಣ ಪೆಟ್ಟಿಗೆಯಂಥ ಕೋಣೆ. ಪರೀಕ್ಷೆ ಮಾಡುವ ಹೆಣ್ಣುಮಗಳು ಅಕ್ಕನನ್ನು ಅದರಲ್ಲಿ ಕೂರಿಸಿ, ಕಿವಿಗೆ ದಪ್ಪನೆಯ ಹೆಡ್‌ಫೋನು ಹಾಕಿ, ಕೈಯಲ್ಲೊಂದು ಗುಂಡಿ ಕೊಟ್ಟಳು. ಎಷ್ಟೇ ಸಣ್ಣ ಸಪ್ಪಳವಿರಲಿ, ಕೇಳಿದ ಕೂಡಲೇ ಒತ್ತಬೇಕು. ಬಾಗಿಲು ಹಾಕಿ ಈಚೆ ಬಂದು ಮಷೀನಿನ ಮುಂದೆ ಕುಳಿತಳು. ನಾನು ಅವಳ ಹಿಂದೆ ನಿಂತೆ.

ಅಕ್ಕ ಒತ್ತಿದಳು. ಮತ್ತೆ ಒತ್ತಿದಳು. ಒಂದೂ ಬಿಡಲಿಲ್ಲ. ಪರೀಕ್ಷೆ ಮಾಡುವವಳು ನನ್ನ ಕಡೆ ತಿರುಗಿ, ಇವರ ಕಿವಿಗೆ ಏನೂ ಆಗಿಲ್ಲವಲ್ಲ ಎಂದಳು. ಗಾಜಿನ ಆಚೆ ಅಕ್ಕ ಪರೀಕ್ಷೆ ಪಾಸಾದವರಂತೆ ಹಿಗ್ಗಿ ಕುಳಿತಿದ್ದಳು. ನನಗೆ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಅಕ್ಕನ ಕಣ್ಣು ಎಲ್ಲಿದೆ ಎಂದು ಕಂಡಿತು. ಅವಳು ನೋಡುತ್ತಿದ್ದದ್ದು ಮಷೀನಿನ ಮೇಲಿನ ಕೈಯನ್ನು. ಆ ಬೆರಳು ಅಲುಗಿದಾಗಲೆಲ್ಲ ಅವಳ ಹೆಬ್ಬೆರಳು ಒತ್ತುತ್ತಿತ್ತು. ಮೋಸ ಮಾಡಬೇಕೆಂದಲ್ಲ. ಕೈ ನೋಡಿ ತಿಳಿಯುವುದೇ ಕೇಳುವುದು ಎಂದು ಬೆಳೆದವರು ನಾವು. ಹೇಳದೆ ಬಿಡಲೇ ಅನಿಸಿತು. ಹೇಳದಿದ್ದರೆ ಅವಳು ಹಿಗ್ಗಿನಿಂದ ಮನೆಗೆ ಹೋಗುತ್ತಾಳೆ, ಅವಳ ಮಗ್ಗವೂ ನಡೆದಿರುತ್ತದೆ. ಆದರೆ ನಾನು ಕರೆದರೆ ತಿರುಗುವುದಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿರಿ ಎಂದೆ.

ಈಗ ಕಾಣುತ್ತಿದ್ದದ್ದು ಅಕ್ಕನ ಬೆನ್ನು, ತುರುಬು, ತೊಡೆಯ ಪಕ್ಕದಲ್ಲಿ ಗುಂಡಿ ಹಿಡಿದ ಕೈ. ಮಷೀನಿನ ಮೇಲೆ ಬೆರಳು ಅಲುಗಿತು. ಅಕ್ಕನ ಹೆಬ್ಬೆರಳು ಅಲುಗಲಿಲ್ಲ. ಆ ಹೆಣ್ಣುಮಗಳು ಸಪ್ಪಳ ಏರಿಸಿದಳು. ಅಲುಗಲಿಲ್ಲ. ಇನ್ನೂ ಏರಿಸಿದಳು. ಆ ಮುಚ್ಚಿದ ಬಾಗಿಲಿನ ಸಂದಿಯಿಂದ, ನನ್ನ ಉಳಿದೊಂದು ಕಿವಿಗೇ ಅದು ಸಣ್ಣಗೆ ಕೇಳಿಬಂತು, ಟೀ ಎಂದು. ಅಕ್ಕ ಒತ್ತಲು ಸಿದ್ಧಳಾಗಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಯುತ್ತಲೇ ಇದ್ದಳು. ಒತ್ತು ಅಕ್ಕಾ, ಒತ್ತು ಎಂದು ಹಲ್ಲು ಕಚ್ಚಿ ನಿಂತೆ. ಬಹಳ ದೊಡ್ಡ ಸಪ್ಪಳಕ್ಕೆ ಒಂದೆರಡು ಸಲ ಒತ್ತಿದಳು, ಅಷ್ಟೇ.

ಪರೀಕ್ಷೆ ಮಾಡುವವಳು ಕೈ ತೆಗೆದು, ಮುಗಿಯಿತು ಎಂದು ನನಗೆ ಹೇಳಿದಳು. ಉಳಿದಷ್ಟು ಕಿವಿಗೆ ಕೇಳುವ ಮಷೀನು ಕೂರಿಸಬಹುದು, ಹತ್ತಿರದಿಂದ ಆಡಿದ ಮಾತು ಕೇಳಬಹುದು, ಡಾಕ್ಟರು ಹೇಳುತ್ತಾರೆ ಎಂದಳು. ಅವಳು ಹೇಳುತ್ತಿರುವಾಗಲೇ ಅಕ್ಕನ ಹೆಬ್ಬೆರಳು ಒತ್ತಿತು. ಗಟ್ಟಿಯಾಗಿ, ಒಂದೇ ಸಲ. ಮಷೀನಿನ ಮೇಲೆ ದೀಪ ಹತ್ತಿತು. ಆ ಹೆಣ್ಣುಮಗಳು ತನ್ನ ಖಾಲಿ ಕೈ ನೋಡಿಕೊಂಡಳು, ನಾನೇನೂ ಸಪ್ಪಳ ಬಿಟ್ಟಿಲ್ಲವಲ್ಲ ಎಂದಳು.

ಹೊರಗೆ ಬಂದ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ, ಎದುರು ನಿಂತು, ಕೊನೆಗೆ ಯಾಕೆ ಒತ್ತಿದಿ, ಆಗ ಯಾವ ಸಪ್ಪಳವೂ ಇರಲಿಲ್ಲವಲ್ಲ ಎಂದು ಕೇಳಿದೆ.

“ನೀ ಕರದಂಗಾತು,” ಎಂದಳು.

ನಾನು ಬಾಯಿ ತೆರೆದಿರಲಿಲ್ಲ. ಆದರೆ ಗಾಜಿನ ಈಚೆ ನಿಂತು, ಅವಳ ಬೆನ್ನು ನೋಡುತ್ತ, ಅಷ್ಟು ಹೊತ್ತೂ ಒಳಗೊಳಗೇ ಕರೆಯುತ್ತಿದ್ದದ್ದು ನಿಜ.